ಏಳನೆಯ ಬಟ್ಟಲು

ಮೊದಲ ಬಟ್ಟಲು ದೇವರಿಗೆ, ಎರಡನೆಯದು ನಾಡಿಗೆ,
ಆಮೇಲೆ ಸತ್ತವರಿಗೆ, ಹುಟ್ಟಲಿರುವವರಿಗೆ,
ದ್ರಾಕ್ಷಿ ಬಳ್ಳಿಗೆ, ಬಂದ ನೆಂಟರಿಗೆ.
ಏಳನೆಯದು ನಮಗೆ.
ಅಲಜಾನಿ ಹೊಳೆಯ ಈ ದಂಡೆಯಲ್ಲಿ
ಅದು ಬರುವ ಹೊತ್ತಿಗೆ ನಾವು
ಯಾವತ್ತೂ ಅಡುಗೆಮನೆಯಲ್ಲಿರುತ್ತೇವೆ.

ಗೋಡೆಯಾಚೆ ಬೆಂಚುಗಳು ಕಿರ್ರೆಂದವು. ಗಂಡಸರೆಲ್ಲ ಎದ್ದರು.
ಮೂವತ್ತು ವರ್ಷದಿಂದ ಕೂಟದ ಯಜಮಾನಿಕೆ
ಗಿವಿ ಮಾವನದೇ, ಪದ್ಯವೂ ಅದೇ.
ಅವನು ಕೊಂಬಿಗೆ ವೈನು ತುಂಬಿಸಿಕೊಳ್ಳುವಷ್ಟರಲ್ಲಿ
ನಮ್ಮ ತಲೆಯೊಳಗೆ ಅದು ಮುಗಿದೇ ಹೋಗಿರುತ್ತದೆ:

ಆರನೆಯ ದಿನದ ಇಳಿಹೊತ್ತಿನಲ್ಲಿ ದೇವರು
ಜಿಂಕೆಯ ಕಣ್ಣಿನಿಂದ ಒಂದಿಷ್ಟು ಬೆದರು ತೆಗೆದನಂತೆ,
ಹುಣ್ಣಿಮೆಯನ್ನು ಅರೆದನಂತೆ,
ತುಟಿಗೆ ದಾಳಿಂಬೆ ಸವರಿದನಂತೆ,
ಪಾಪ್ಲರ್ ಮರವನ್ನು ಅಳೆದು ಬೆನ್ನು ಕಡೆದನಂತೆ,
ತಾನು ಮಾಡಿದ್ದಕ್ಕೆ ತಾನೇ ಮರುಳಾಗಿ
ಏಳನೆಯ ದಿನ ಕೆಲಸಕ್ಕೇ ಹೋಗಲಿಲ್ಲವಂತೆ.

"ಸೋಮಾರಿ," ಅಂದಳು ಎತೇರಿ ಅಜ್ಜಿ.
ಎಂಬತ್ತೊಂದು ಅವಳಿಗೆ. ಮೊಣಕೈವರೆಗೂ ಹಿಟ್ಟು.
"ಲಮಾರಾ, ಮಂಡಿ ಯಾವುದರಿಂದ ಮಾಡಿದನಂತೆ?
ಇಷ್ಟು ವರ್ಷ ಕಿವಿಗೊಟ್ಟಿದ್ದೇನೆ.
ಕಣ್ಣು ಬರುತ್ತದೆ, ಕತ್ತು ಬರುತ್ತದೆ,
ಸೊಂಟದ ಹತ್ತಿರ ಸ್ವಲ್ಪ ಹೊತ್ತು ಕೂತು
ಸುಧಾರಿಸಿಕೊಳ್ಳುತ್ತದೆ ಪದ್ಯ.
ಮಂಡಿಗೆ ಇಳಿಯುವುದೇ ಇಲ್ಲ."

ನಕ್ಕೆವು, ಬಾಯಿಗೆ ಸೆರಗಿಲ್ಲದೆ, ಹಿಟ್ಟಿನ ಕೈ ಅಡ್ಡ ಹಿಡಿದು.
ನನ್ನ ಮಗಳು ನುತ್ಸಾ ಖಿಂಕಾಲಿಗೆ ನೆರಿಗೆ ಹಿಡಿಯುತ್ತಿದ್ದಳು.
ಒಂದಕ್ಕೆ ಹತ್ತೊಂಬತ್ತು; ಒಂದು ಕಮ್ಮಿಯಾದರೂ ಅಜ್ಜಿ ಬಿಚ್ಚಿಸುತ್ತಾಳೆ.
"ನಾನೂ ಹಾಗೇ ಆಗಿದ್ದಾ ಅಮ್ಮಾ? ಜಿಂಕೆಯಿಂದ?"
"ನೀನಾ? ತೆಲಾವಿಯ ಆಸ್ಪತ್ರೆಯಲ್ಲಿ, ಕರೆಂಟು ಹೋದಾಗ,
ದಾದಿಯ ಬಾಯಲ್ಲಿ ಕಚ್ಚಿಕೊಂಡಿದ್ದ ಟಾರ್ಚಿನ ಬೆಳಕಿನಲ್ಲಿ.
ನಿನ್ನಪ್ಪನಿಗೂ ದೇವರಿಗೂ ಒಟ್ಟಿಗೇ ಬೈದಿದ್ದೆ."

ಆಚೆ ಶುರುವಾಯಿತು.
ಜಿಂಕೆ ಬಂತು. ಹುಣ್ಣಿಮೆ ಬಂತು.
ದಾಳಿಂಬೆಯ ಹತ್ತಿರ ನಿಂತಿತು.

ಪ್ರತಿ ವರ್ಷ ಅಲ್ಲೇ ನಿಲ್ಲುತ್ತಿತ್ತು.
ಇದೇ ಒಲೆಯ ಮುಂದಿನಿಂದ, ಸೌಟು ಕೈಯಲ್ಲೇ,
ಜುಜುನಾ ಗೋಡೆಯ ಕಡೆ ತಿರುಗಿ ಕೂಗುತ್ತಿದ್ದಳು: "ಪಾಪ್ಲರ್!"
ಗಂಡಸರ ನಗು. ಪದ್ಯ ಮುಂದಕ್ಕೆ.
ಏಪ್ರಿಲಿನಲ್ಲಿ, ಬಳ್ಳಿ ಕಟ್ಟುವ ವಾರ, ಅವಳನ್ನು ಮಣ್ಣು ಮಾಡಿದೆವು.

ನನಗೆ ಆ ಪದ ಗೊತ್ತಿತ್ತು.
ಎತೇರಿ ಅಜ್ಜಿಗೂ ಗೊತ್ತಿತ್ತು; ನುತ್ಸಾಗೂ.
ಯಾರೂ ಕೂಗಲಿಲ್ಲ.
ನೀರು ಕುದಿಯುವುದೊಂದೇ ಸದ್ದು.

ಆಮೇಲೆ ಗಿವಿ ಮಾವನ ದನಿ, ಪದ್ಯದ ದನಿಯಲ್ಲ,
ಸಂತೆಯಲ್ಲಿ ಬೆಲೆ ಕೇಳುವಂಥದು:
"ಬಲ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗಾಯ.
ತೋನೆ ಒಲೆಯಿಂದ ರೊಟ್ಟಿ ಕೀಳುವಾಗ ಆದದ್ದು.
ಅದು ದೇವರು ಮಾಡಿದ್ದಲ್ಲ. ನನ್ನ ಮನೆ ಮಾಡಿದ್ದು.
ಬೆರಳಿಗೆ ಅಕ್ರೋಟಿನ ಕರೆ, ಸೋಪಿಗೂ ಹೋಗದ್ದು.
ಹಲ್ಲು ಒಂದು ಕಮ್ಮಿ, ಅದಕ್ಕೇ ಎಡಗಡೆಗೆ ನಗುತ್ತಿದ್ದಳು.
ಮಳೆ ಬರುವ ಹಿಂದಿನ ದಿನ
ಮಂಡಿ ನೋಯುತ್ತಿತ್ತು ಅವಳಿಗೆ. ನಾನು
ಆಕಾಶ ನೋಡುತ್ತಿರಲಿಲ್ಲ, ಅವಳು ಮೆಟ್ಟಿಲಿಳಿಯುವುದನ್ನು ನೋಡಿ
ಹುಲ್ಲು ಒಳಗೆ ಹಾಕುತ್ತಿದ್ದೆ."

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ.
ಅಜ್ಜಿ ನಾದುವುದನ್ನು ನಿಲ್ಲಿಸಿ ಕಣಕದೊಳಗೇ ಕೈ ಬಿಟ್ಟಿದ್ದಳು,
ಯಾರದೋ ಕೈ ಹಿಡಿದಂತೆ.

ಪಾತ್ರೆ ಉಕ್ಕಿತು. ಓಡಿದೆ.
ಬೆಂಕಿ ತಗ್ಗಿಸುವಷ್ಟರಲ್ಲಿ ಆಚೆ ಕೊಂಬು ಬರಿದಾಗಿತ್ತು,
ಕೊನೆಯ ಸಾಲು ನನಗೆ ಸಿಗಲಿಲ್ಲ.
ನುತ್ಸಾ ಅನ್ನುತ್ತಾಳೆ, ಸಾಲೇ ಇರಲಿಲ್ಲ, ಬರೀ ಕುಡಿದ.
ಅಜ್ಜಿ ಅನ್ನುತ್ತಾಳೆ, ಇತ್ತು, ನಿಮಗಲ್ಲ ಅದು.

ಜುಜುನಾ ಇದ್ದಿದ್ದರೆ ಕೇಳಬಹುದಿತ್ತು.
ಇದ್ದಿದ್ದರೆ ಎಲ್ಲಿಯ ಗಾಯ, ಎಲ್ಲಿಯ ಮಂಡಿ?
ಪಾಪ್ಲರ್ ಬರುತ್ತಿತ್ತು.